ಗಾಳಿ ಹೋದ ಮೇಲೆ ಕಾಫಿ

ಆಸ್ಪತ್ರೆಯಲ್ಲಿ ಮಲಗಿದ್ದ ತ್ಯಾಗರಾಜನಗರದ ಶೀನಣ್ಣನಿಗೆ ಆ ದಿನ ಬೇಕಿದ್ದದ್ದು ಅರ್ಧ ಲೋಟ ಕಾಫಿ. ಅದಕ್ಕೆ ಡಾಕ್ಟರು ಹಾಕಿದ ಷರತ್ತು ಮಾತ್ರ ವಿಚಿತ್ರ.

"ಗಾಳಿ ಹೋಯ್ತಾ?"

"ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಕಾಫೀನೂ ಇಲ್ಲ. ಜೋಡಿಸಿದ ಕರುಳು ಕೆಲಸ ಶುರು ಮಾಡ್ತು ಅಂತ ಗೊತ್ತಾಗ್ಬೇಕಲ್ಲ."

ಹಿಂದೆ ಕರುಳಿನ ಗಡ್ಡೆ ತೆಗೆದಾಗ, ಒಳಗಿನ ಹೊಲಿಗೆ ಮಾಯುವ ತನಕ ಇರಲೆಂದು ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು, ಅದರ ಬಾಯಿಗೆ ಮಲ ಸೇರುವ ಚೀಲ ಅಂಟಿಸಿದ್ದರು. ಮೊದಲು ಟೊಮೇಟೊ ಹಾಗೆ ಊದಿದ್ದ ಆ ಬಾಯಿ ವಾರ ಕಳೆದಂತೆ ಇಳಿದು ಚಿಕ್ಕದಾಯಿತು. ಅದು ಕೆಂಪಗೆ, ತೇವವಾಗಿ ಇರಬೇಕಾದದ್ದೇ ಸರಿ ಎಂದು ನಂಬದ ಪಕ್ಕದ ಮನೆಯ ವೇಣುಗೋಪಾಲ್, "ಅರಿಶಿನ ಹಚ್ಚೋ, ಒಣಗತ್ತೆ" ಎಂದು ಬೆನ್ನು ಬಿದ್ದಿದ್ದ. ತಿಂಗಳುಗಟ್ಟಲೆ ಕಾದು, ಈಗ ಕರುಳನ್ನು ಮತ್ತೆ ಜೋಡಿಸಿ ಒಳಗೆ ಸೇರಿಸಿದ್ದರು.

ಹೆಂಡತಿ ಗೋದಾ ದೊಡ್ಡ ಗಣಪತಿ ಗುಡಿಯಿಂದ ಗರಿಕೆ ತಂದು ದಿಂಬಿನ ಕೆಳಗಿಟ್ಟಳು. "ಹರಕೆ ಹೊತ್ಕೊಂಡು ಬಂದಿದೀನಿ. ಇವತ್ತು ಆಗೇ ಆಗತ್ತೆ, ನೋಡ್ತಿರಿ."

"ನಡಿಯೋ ಶೀನ, ನಡೆದ್ರೇ ಹೋಗೋದು" ಎಂದು ವೇಣು ಅವನನ್ನು ಕೆಟ್ಟು ನಿಂತ ಸ್ಕೂಟರಿನ ಹಾಗೆ ವರಾಂಡದುದ್ದಕ್ಕೂ ತಳ್ಳಿಕೊಂಡು ಹೋದ. ಎದುರು ಸಿಕ್ಕವರಿಗೆಲ್ಲ ಕಾರಣವನ್ನೂ ವಿವರಿಸಿದ. ಮಧ್ಯಾಹ್ನದ ಹೊತ್ತಿಗೆ ಇಡೀ ವಾರ್ಡು ಕೇಳತೊಡಗಿತ್ತು: "ಆಯ್ತಾ ಅಂಕಲ್?" ಯಾರೋ ಕಬ್ಬಿಣದ ಕುರ್ಚಿಯನ್ನು ಪರ್ರನೆ ಎಳೆದದ್ದೇ ತಡ, ವೇಣು "ಸಿಸ್ಟರ್, ಆಯ್ತು!" ಎಂದು ಓಡಿದ. ಸಿಸ್ಟರ್ ಬಂದರು, ಕುರ್ಚಿ ನೋಡಿದರು, ವೇಣುವನ್ನು ನೋಡಿದರು, ಹೋದರು.

ಸಂಜೆ ಡಾಕ್ಟರು ವಿದ್ಯಾರ್ಥಿಗಳ ಹಿಂಡಿನೊಡನೆ ಬಂದರು. ಅವರು ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಲ್ಲರನ್ನೂ ಸುಮ್ಮನಾಗಿಸಿದ ಆ ನಿಶ್ಶಬ್ದದಲ್ಲಿ, ದೀಪಾವಳಿ ಮುಗಿದ ಮೇಲೆ ಮೂಲೆಯಲ್ಲಿ ಸಿಕ್ಕ ಪಟಾಕಿಯಂತೆ, ಆಗಿಯೇ ಹೋಯಿತು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು.

"ಭೇಷ್! ಕೊಡಿ ಕಾಫಿ, ಲೈಟಾಗಿ" ಎಂದರು ಡಾಕ್ಟರು.

ಶೀನಣ್ಣನ ಕಣ್ಣು ತುಂಬಿತು. ತನ್ನ ಹೊಟ್ಟೆಗಾಗಿ ಇಷ್ಟು ಜನ ಕಾದರಲ್ಲ! ವೇಣು ಕ್ಯಾಂಟೀನಿಗೆ ಓಡಿ ಕಾಫಿ ತಂದ. ಲೋಟ ತುಟಿಗೆ ತಾಗುವಷ್ಟರಲ್ಲಿ ಗೋದಾ ಕಿತ್ತುಕೊಂಡಳು.

"ಅಯ್ಯೋ, ಹರಕೆ! ಗಾಳಿ ಹೋದ್ರೆ ನೀವು ಒಂದು ವರ್ಷ ಕಾಫಿ ಬಿಡ್ತೀರಿ ಅಂತ ಗಣಪತಿಗೆ ಹೇಳಿದೀನಿ!"

"ಹರಕೆ ಹೊತ್ತೋಳು ನೀನು. ನಿನ್ನ ಕಾಫಿ ಬಿಡೇ!"

"ನಂಗೆ ತಲೆನೋವು ಬರತ್ತಲ್ರೀ" ಎಂದ ಗೋದಾ, ಆರಿಹೋದೀತೆಂದು ಲೋಟವನ್ನು ತಾನೇ ಖಾಲಿ ಮಾಡಿದಳು. ಆಮೇಲೆ ಆಸ್ಪತ್ರೆಯವರು ಕೊಟ್ಟ ತಿಳಿಗಂಜಿಯನ್ನು ಊದಿ ಊದಿ ಗಂಡನ ಬಾಯಿಗಿಟ್ಟಳು.

ಗಂಜಿ ಒಳಗಿಳಿದು ಬೆಚ್ಚಗೆ ಕೂತಿತು. ಶೀನಣ್ಣ ಗರಿಕೆಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಏನೋ ಅನುಮಾನ ಬಂದು ವೇಣುವಿನತ್ತ ತಿರುಗಿದ.

"ನೀನೇನೂ ಹರಕೆ ಹೊತ್ತಿಲ್ಲ ತಾನೆ?"

ವೇಣು ಚಾವಣಿ ನೋಡಿದ. "ಮಸಾಲೆದೋಸೆ ಒಂದೇ ಕಣೋ."