ಎಂಜಿನ್ನಿನ ತವರೂರು

ನನ್ನ ನೆನಪುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕಾರಿನ ಹಾಗೆ ಅವಕ್ಕೂ ಮಾರುವ ಮುಂಚೆ ಯಾರೋ ಬಣ್ಣ ಹೊಡೆದಿರುತ್ತಾರೆ. ಆ ಯಾರೋ ಹೆಚ್ಚಾಗಿ ನಾನೇ. ಆದ್ದರಿಂದ ಕಾರು ಕೊಂಡ ದಿನ ಆಕಾಶ ಶುಭ್ರವಾಗಿತ್ತು, ಮನಸ್ಸು ಪ್ರಫುಲ್ಲವಾಗಿತ್ತು ಎಂದೆಲ್ಲ ಬರೆಯಲಾರೆ. ಸೆಕೆ ಇತ್ತು, ಅಷ್ಟು ಖಂಡಿತ. ಇಲ್ಲಿ ಸೆಕೆ ಯಾವ ದಿನ ಇರಲಿಲ್ಲ?

ಕೊಳ್ಳಲು ಹೋಗಿ ಮೋಸಹೋಗುವುದರಲ್ಲಿ ನಾನು ಆಗಲೇ ಪ್ರಸಿದ್ಧ. ಉಡುಪಿಯ ಪೇಟೆಯಿಂದ ‘ಅಪ್ಪಟ ಮಟ್ಟು ಗುಳ್ಳ’ ಎಂದು ನಾನು ಹೊತ್ತು ತಂದ ಬದನೆಕಾಯಿ ಮಟ್ಟು ಎಂಬ ಊರಿನ ಮುಖವನ್ನೇ ಕಂಡದ್ದಲ್ಲವೆಂದು ಹೆಂಡತಿ ವನಜ ಒಂದೇ ಹೋಳು ಕೊಯ್ದು ಸಾಬೀತುಮಾಡಿದ್ದಳು. ಅಂದಿನಿಂದ ಅವಳ ತವರಾದ ಕಾರ್ಕಳದಲ್ಲಿ ನಾನು ‘ಗುಳ್ಳ ಭಾವ’. ಈ ಬಿರುದನ್ನು ದಯಪಾಲಿಸಿದವರು ಅವಳ ಅಣ್ಣ ಸದಾನಂದ. ಅವರು ನನಗೆ ಭಾವ, ನಾನೂ ಅವರಿಗೆ ಭಾವ. ನಮ್ಮ ಕಡೆ ಲೆಕ್ಕ ಹಾಗೆ. ಈಗ ಅವರೇ ತಮ್ಮ ಪುಟ್ಟ ಬಿಳಿ ಕಾರನ್ನು ನನಗೆ ಮಾರಲು ಹೊರಟಿದ್ದರು. ಬಂದ ಕರೆಗೂ ಮೊಬೈಲಿನವರು ದುಡ್ಡು ಕೀಳುತ್ತಿದ್ದ ಆ ಕಾಲದಲ್ಲಿ ನಾನು ಪರ್ಕಳದ ಬಾಡಿಗೆ ಮನೆಯಿಂದ ಮಣಿಪಾಲದ ಕಚೇರಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುತ್ತಿದ್ದೆ. ಕಾರು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಕಾರ್ಕಳದ ಆ ಅಂಗಳದಲ್ಲಿ ಒಂದು ಸಲವಾದರೂ ಮೋಸಹೋಗದೆ ನಿಲ್ಲಬೇಕಿತ್ತು.

“ಕಾಪುವಿನ ಮೀನಿನ ಸಾಹುಕಾರರಿಂದ ನಾನು ತಕ್ಕೊಂಡದ್ದು ಭಾವ. ಎಂಜಿನ್‌ಗೆ ಸ್ಪ್ಯಾನರ್ ತಾಗಿಲ್ಲ. ಕಂಪೆನಿಯಿಂದ ಬಂದ ಹಾಗೆಯೇ ಉಂಟು,” ಎಂದರು ಸದಾನಂದ.

ಎಂಜಿನ್ನಿನ ಮೇಲಿನ ನಂಬರೂ ಆರ್‌ಸಿಯಲ್ಲಿರುವ ನಂಬರೂ ಒಂದೇ ಹೌದೋ ನೋಡು, ಮುಗಿಯಿತು ಎಂದು ಕಚೇರಿಯ ಗೆಳೆಯರು ಹೇಳಿ ಕಳುಹಿಸಿದ್ದರು. ಆದರೆ ಹೆಂಡತಿಯ ಅಣ್ಣನ ಎದುರು, ಅತ್ತೆ ಕೊಟ್ಟ ಎಳನೀರು ಕೈಯಲ್ಲಿರುವಾಗ, ‘ಆರ್‌ಸಿ ತನ್ನಿ’ ಎನ್ನುವುದು ಹೇಗೆ? ಬಾನೆಟ್ ಎತ್ತಿಸಿ ಎಲ್ಲ ತಿಳಿದವನಂತೆ ಬಗ್ಗಿದೆ. ತಿಳಿದದ್ದು ಇಷ್ಟೇ: ದೊಡ್ಡದು ಎಂಜಿನ್, ಚೌಕದ್ದು ಬ್ಯಾಟರಿ.

ಆದರೆ ತುಕ್ಕು! ತುಕ್ಕು ನನಗೆ ಗೊತ್ತು. ನಾನು ಹುಟ್ಟಿದ್ದು ಕಾಪುವಿನಲ್ಲಿ, ಕಡಲಿಗೆ ಬೆನ್ನು ಹಾಕಿ ಕೂತ ಮನೆಯಲ್ಲಿ. ಅಲ್ಲಿ ಕತ್ತರಿ ಬಾಯಿ ಬಿಡುವುದಿಲ್ಲ, ಹಾಕಿದ ಬೀಗವನ್ನು ಒಡೆದೇ ತೆಗೆಯಬೇಕು. ಕಿಟಕಿಯ ಸರಳು ಹಿಡಿದು ನಿಂತಿದ್ದ ನನ್ನ ಅಜ್ಜಿಯ ಕೈಗೆ ಒಮ್ಮೆ ಸರಳೇ ಬಂದಿತ್ತು. (ಅದು ಅಜ್ಜಿಯೋ ಚಿಕ್ಕಮ್ಮನೋ, ಈಗ ಆಣೆ ಹಾಕಲಾರೆ.) ಉಪ್ಪುಗಾಳಿಯ ತುಕ್ಕು ಒಳಗಿನಿಂದ ಉಬ್ಬಿ, ಕೆಸುವಿನೆಲೆ ಸುತ್ತಿ ಬೇಯಿಸಿದ ಪತ್ರೊಡೆಯ ಹಾಗೆ ಪದರ ಪದರವಾಗಿ ಏಳುತ್ತದೆ. ಕಾರ್ಕಳದಂಥ ಘಟ್ಟದ ಬುಡದ ತುಕ್ಕು ಸಾಧು. ಅರಸಿನ ಸವರಿದಂತೆ ಮೇಲೆ ಮೇಲೆಯೇ ಕೂತಿರುತ್ತದೆ. ಈ ಕಾರಿನ ಬಾನೆಟ್ಟಿನ ಬಿಜಾಗರಿ, ಬ್ಯಾಟರಿಯ ತಟ್ಟೆ, ಎರಡು ಬದಿಯ ತಗಡು ಎಲ್ಲ ಪತ್ರೊಡೆ. ನಡುವೆ ಕೂತ ಎಂಜಿನ್ನಿನ ಬೋಲ್ಟು, ಪಟ್ಟಿಗಳಲ್ಲಿ ಬರೀ ಅರಸಿನ.

“ಭಾವ,” ಎಂದೆ, “ಈ ಎಂಜಿನ್ ಕಡಲು ಕಂಡದ್ದಲ್ಲ.”

“ಎಂತ?”

“ಇದರ ತುಕ್ಕು ಕಾಪುವಿನದ್ದಲ್ಲ. ನಿಮ್ಮ ಊರಿನದ್ದು.”

ಅವರು ಅಂಗಳ ತುಂಬ ನಕ್ಕರು. “ವನಜಾ, ಕೇಳಿದೆಯಾ? ತುಕ್ಕಿಗೂ ಊರು ಉಂಟಂತೆ! ಬದನೆಯ ಊರು ಗೊತ್ತಾಗದವರಿಗೆ ತುಕ್ಕಿನ ಊರು ಗೊತ್ತಾಯ್ತಾ ಮಾರಾಯ್ರೆ?”

ವನಜ ನಗಲಿಲ್ಲ. ಸೀದಾ ಒಳಗೆ ಹೋಗಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನೂ ಅಣ್ಣನ ಕಪಾಟಿನಲ್ಲಿದ್ದ ಆರ್‌ಸಿಯನ್ನೂ ತಂದಳು. ನಾನು ಎಂಜಿನ್ನಿನ ಜಿಡ್ಡು ಉಜ್ಜಿದೆ; ಅಂಕೆಗಳು ಮೇಲೆದ್ದವು. ಅವಳು ಆರ್‌ಸಿ ನೋಡಿ ಒಂದೊಂದೇ ಅಂಕೆ ಓದುತ್ತ ಹೋದಳು, ನಾನು “ಅಲ್ಲ”, “ಅಲ್ಲ” ಎನ್ನುತ್ತ ಹೋದೆ. ಹೆಂಡತಿಯ ಮಾತಿಗೆ ಇಷ್ಟು ಸಲ ಒಂದೇ ಉಸಿರಿಗೆ ‘ಅಲ್ಲ’ ಎಂದು ಬದುಕಿ ಉಳಿದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಸದಾನಂದ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. “ಹಳೆಯದ್ದು ಜಾಮ್ ಆಗಿತ್ತು ಭಾವ. ಇದು ಇಲ್ಲಿಯ ಡಾಕ್ಟ್ರ ಕಾರಿನದ್ದು. ಹಿಂದಿನಿಂದ ಲಾರಿ ಗುದ್ದಿ ಆ ಕಾರು ಗುಜರಿಗೆ ಹೋಯ್ತು, ಎಂಜಿನ್‌ಗೆ ಎಂತದೂ ಆಗಿರಲಿಲ್ಲ. ಬಿಲ್ಲು ಎಲ್ಲ ಉಂಟು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದರೆ ನೀವು ಹೆದರುತ್ತಿದ್ದಿರಿ, ಅಲ್ವಾ?”

ಹೆದರುತ್ತಿದ್ದೆ. ಆದರೆ ಆ ಕ್ಷಣದಲ್ಲಿ ಹೆದರಿಕೆ ನನ್ನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಆರ್‌ಟಿಓ ಕಚೇರಿಗೆ ಅವರೇ ಅಲೆದು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿ ಕೊಟ್ಟ ಮೇಲೆಯೇ ವ್ಯಾಪಾರ ಎಂದೆ. ಅವರು ಅಲೆದರು. ಬರೆಸಿದರು. ಅತ್ತೆ ನನಗೆ ಇನ್ನೊಂದು ಎಳನೀರು ಕೆತ್ತಿಸಿದರು. ‘ಗುಳ್ಳ ಭಾವ’ ಅಂದಿಗೆ ಗುಜರಿಗೆ ಹೋದ.

ಕಾರು ಮನೆಗೆ ತರುವಾಗ ಏರಿನಲ್ಲಿ ಎಂಜಿನ್ ಒಂದು ಚೂರೂ ಗೊಣಗಲಿಲ್ಲ. ಬಾಗಿಲುಗಳು ಮಾತ್ರ ಕಟಕಟ ಎನ್ನುತ್ತಿದ್ದವು. ವನಜ ಹೇಳಿದಳು: “ಮೈ ಕಾಪುವಿನದ್ದು, ತುಕ್ಕು ಹಿಡಿದದ್ದು. ಎಂಜಿನ್ ಕಾರ್ಕಳದ್ದು. ಓಡ್ತದೆ ಬಿಡಿ. ನಮ್ಮ ಮನೆಯೂ ಹೀಗೆಯೇ ಅಲ್ವಾ ಓಡುವುದು?”

ಈ ಮಾತನ್ನು ಕಚೇರಿಯಲ್ಲಿ ನಾನು ನನ್ನದೆಂದೇ ಹೇಳಿಕೊಂಡು ಬಂದಿದ್ದೇನೆ. ಎಲ್ಲರೂ ನಗುತ್ತಾರೆ. ಸೀಮೆಎಣ್ಣೆ ಹಾಕಿ ಉಜ್ಜಿ ನಂಬರು ನೋಡುವವರು ಪುಣ್ಯಕ್ಕೆ ಅಲ್ಲಿ ಯಾರೂ ಇಲ್ಲ.