ಮುನಿಯಾ ಹಕ್ಕಿಯ ಬಟ್ಟಲನ್ನು ಊದಿ ನೋಡುವ ಕುರಿತು

ಇಲಾಖೆ: (ಬೋರ್ಡಿನ ಮೇಲಿದ್ದ ಹೆಸರು ಮಳೆಗೆ ಅಳಿಸಿಹೋಗಿದ್ದು, ಹೊಸದಾಗಿ ಬರೆಸುವ ಪ್ರಸ್ತಾವ ಪರಿಶೀಲನೆಯಲ್ಲಿದೆ)
ಜಕಾತಿ ನಾಕಾ, ಕೊರೋಚಿ ಕಡೆಯ ರಸ್ತೆ

ಸುತ್ತೋಲೆ ಸಂಖ್ಯೆ: ಜನಾ/ಹಕ್ಕಿ/ಹೊಟ್ಟು/೧/೧೯೭೯

ವಿಷಯ: ಜಪ್ತಿಯಾದ ಮುನಿಯಾ ಜೋಡಿಗೆ ಕಾಳು ಹಾಕುವ, ನೀರಿಡುವ ಹಾಗೂ ಬಟ್ಟಲು ತುಂಬಿದೆಯೆಂದು ದುಡುಕಿ ನಂಬುವ ಬಗ್ಗೆ.

ಉಲ್ಲೇಖ: (ಅ) ಈ ನಾಕಾದ ಮುಖ್ಯ ಕಾರಕೂನ ಕಾಡಪ್ಪ ಇವರ ಮೌಖಿಕ ಗರ್ಜನೆ. (ಆ) ಮುಖ್ಯ ಕಚೇರಿಯ ಒಂದೇ ಸಾಲಿನ ಮರಾಠಿ ಪತ್ರ. (ಇ) ಸದರಿ ಕಾಡಪ್ಪ ಇವರ ಸೀನು.

ಈ ನಾಕಾದ ಸಮಸ್ತ ಸಿಬ್ಬಂದಿಗೆ, ಅಂದರೆ ಶಿಪಾಯಿ ಬಾಳಗೊಂಡ ಒಬ್ಬರಿಗೆ, ಈ ಕೆಳಗಿನ ನಿಯಮಗಳನ್ನು ಗೊತ್ತುಪಡಿಸಲಾಗಿದೆ. ಇಲಾಖೆಯ ಪತ್ರವ್ಯವಹಾರವೆಲ್ಲ ಮರಾಠಿಯಲ್ಲೇ ನಡೆಯತಕ್ಕದ್ದಾಗಿದ್ದರೂ ಈ ಸುತ್ತೋಲೆಯನ್ನು ಕನ್ನಡದಲ್ಲಿ ಹೊರಡಿಸಲಾಗಿದೆ. ಇದಕ್ಕೆ ಕಾರಣ ಎರಡು. ಕಾಡಪ್ಪನವರಿಗೂ ಬಾಳಗೊಂಡನವರಿಗೂ ಮನೆಮಾತು ಕನ್ನಡ. ಮೇಲಧಿಕಾರಿಗಳಿಗೆ ಕನ್ನಡ ಓದಲು ಬಾರದು. ಎರಡನೆಯದೇ ಮುಖ್ಯ ಕಾರಣ.

೧. ಹಿನ್ನೆಲೆ. ಕೊರೋಚಿಯ ಒಂದು ಮಗ್ಗದ ಶೆಡ್ಡಿನಲ್ಲಿ ಲಾಳಿಯ ಕಾಂಡಿಗೆ ನೂಲು ಸುತ್ತುತ್ತಿದ್ದ ದುರ್ಗವ್ವ ಎಂಬುವರು, ಪೇಟೆಯೊಳಗಿನ ಇನ್ನೊಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿದ್ದರಿಂದ, ಸಂಸಾರವನ್ನೆಲ್ಲ ಕೈಗಾಡಿಯ ಮೇಲೆ ಹೇರಿಕೊಂಡು ನಾಕಾ ದಾಟಲು ಬಂದರು. ಹಾಸಿಗೆ, ಕೊಡ, ಪರಾತ, ರೊಟ್ಟಿ ಹಂಚು ಇವೆಲ್ಲ ಮನೆಬಳಕೆಯ ವಸ್ತುಗಳಾದ್ದರಿಂದ ಜಕಾತಿಯಿಂದ ವಿನಾಯಿತಿ ಪಡೆದವು. ಎಲ್ಲಕ್ಕಿಂತ ಮೇಲೆ ಒಂದು ತಂತಿಯ ಪಂಜರವಿತ್ತು. ಅದರೊಳಗೆ ಜಯಸಿಂಗಪುರದ ಸಂತೆಯಲ್ಲಿ ಕೊಂಡ ಒಂದು ಜೋಡಿ ಮುನಿಯಾ. ಗಂಡಿಗೆ ಕೆಂಪು ಮೈ, ಮೈತುಂಬ ಸಾಬುದಾಣಿ ಚೆಲ್ಲಿದಂಥ ಬಿಳಿ ಚುಕ್ಕಿ. ಹೆಣ್ಣು ಕಂದು, ಯಾವ ಆಡಂಬರವೂ ಇಲ್ಲ. ಎರಡೂ ಸೇರಿ ಕಾರಕೂನರ ಮುಷ್ಟಿಯಷ್ಟಿಲ್ಲ.

ಮನೆಬಳಕೆಯ ಪಟ್ಟಿಯಲ್ಲಿ ಹಕ್ಕಿ ಇರಲಿಲ್ಲ. ಕೊಯ್ಯುವ ಪ್ರಾಣಿಗಳ ಪಟ್ಟಿಯಲ್ಲೂ ಇರಲಿಲ್ಲ, ಆಟಿಕೆಗಳಲ್ಲೂ ಇರಲಿಲ್ಲ. ವಾದ್ಯಗಳಲ್ಲಿ ಸೇರಿಸಬಹುದೆಂದು ಬಾಳಗೊಂಡ ಸೂಚಿಸಿದರು. ಆದರೆ ಆ ಹೊತ್ತಿನಲ್ಲಿ ಗಂಡು ಹಕ್ಕಿ ಬಾಯಿ ಬಿಡಲಿಲ್ಲ. ಬೇರೆ ಯಾವ ಕಾರಕೂನರೇ ಆಗಿದ್ದರೂ "ಹೋಗವ್ವಾ" ಅಂದುಬಿಡುತ್ತಿದ್ದರು. ಕಾಡಪ್ಪನವರು ಹಾಗೆ ಅನ್ನುವ ಪೈಕಿಯವರಲ್ಲ. ಪಟ್ಟಿಯಲ್ಲಿ ಇಲ್ಲದ ವಸ್ತು ಕಂಡರೆ ಅವರಿಗೆ ಹಬ್ಬದೂಟ ಕಂಡಂತೆ.

"ಸಾಹೇಬ್ರ, ಇವು ನನಗ ಮಕ್ಕಳಿದ್ದಂಗ್ರಿ. ಮಕ್ಕಳಿಗೂ ಜಕಾತಿ ಐತೇನ್ರಿ?" ಎಂದು ದುರ್ಗವ್ವ ಕೇಳಿದರು.

"ಮಕ್ಕಳಿಗೆ ಮಾಫಿ ಐತಿ. ರೆಕ್ಕಿ ಇಲ್ಲದ ಮಕ್ಕಳಿಗೆ ಅಷ್ಟ" ಎಂದು ಉತ್ತರಿಸಿದ ಕಾಡಪ್ಪನವರು, ಆ ಉತ್ತರಕ್ಕೆ ತಾವೇ ಮೆಚ್ಚಿ ಮೀಸೆ ಸವರಿಕೊಂಡರು. ಹಕ್ಕಿಗಳು ಯಾವ ವರ್ಗಕ್ಕೆ ಸೇರುತ್ತವೆಂದು ಮುಖ್ಯ ಕಚೇರಿಯಿಂದ ಖುಲಾಸೆ, ಅಂದರೆ ಸ್ಪಷ್ಟೀಕರಣ, ಬರುವವರೆಗೆ ಪಂಜರವನ್ನು ಜಪ್ತಿ ಮಾಡಿ, ನಾಕಾದ ಗೋಡೆಗೆ ಮೊಳೆ ಹೊಡೆದು ತೂಗುಹಾಕಲಾಯಿತು. ಗಂಡು ಹಕ್ಕಿಗೆ ಆಸಾಮಿ ಒಂದು, ಹೆಣ್ಣಿಗೆ ಆಸಾಮಿ ಎರಡು ಎಂದು ಹೆಸರಿಡಲಾಯಿತು.

೨. ಆಹಾರ. ದುರ್ಗವ್ವ ಅಳುತ್ತಲೇ ಸೆರಗಿನ ಗಂಟು ಬಿಚ್ಚಿ ಕೊಟ್ಟುಹೋದ ನವಣೆಯನ್ನು ಪಂಜರದ ಬಟ್ಟಲಿಗೆ ಅಂಚಿನವರೆಗೆ ತುಂಬಲಾಯಿತು. ಉಳಿದ ಕಾಳನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕಾಡಪ್ಪನವರು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡರು. ಬಟ್ಟಲು ತುಂಬಿರುವಾಗ ಮೇಲೆ ಕಾಳು ಹಾಕುವುದನ್ನು ಸರಕಾರಿ ಜಪ್ತಿಯ ದುರ್ಬಳಕೆಯೆಂದು ಪರಿಗಣಿಸಿ ನಿಷೇಧಿಸಲಾಯಿತು. ಅಂದಿನಿಂದ ಪ್ರತಿ ಬೆಳಗ್ಗೆ ಕಾಡಪ್ಪನವರು ಕನ್ನಡಕ ಏರಿಸಿ, ಗೌರವಯುತ ಅಂತರದಲ್ಲಿ ನಿಂತು, ಬಟ್ಟಲನ್ನು ಪರಿವೀಕ್ಷಿಸಿ "ತುಂಬಿದೆ" ಎಂದು ಬರೆಯುತ್ತಿದ್ದರು. ಜಪ್ತಿಯಾದ ಮಾಲನ್ನು ಮಾಲೀಕರು ಮುಟ್ಟುವಂತಿಲ್ಲವಾದ್ದರಿಂದ ದುರ್ಗವ್ವನನ್ನು ರಸ್ತೆಯ ಅಡ್ಡಗಂಬದ ಆಚೆಗೇ ನಿಲ್ಲಿಸಲಾಗುತ್ತಿತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಲೆಯ ಮೇಲಿನ ಹತ್ತಿಯ ಎಳೆಗಳನ್ನೂ ಕೊಡವಿಕೊಳ್ಳದೆ ಓಡಿಬಂದು ಆಕೆ ಅಲ್ಲಿಂದಲೇ ಕೂಗಿ ಕೇಳುತ್ತಿದ್ದರು:

"ತಿಂತಾವೇನ್ರಿ ಸಾಹೇಬ್ರ?"

"ಬಟ್ಟಲ ತುಂಬಿ ತುಳಕಾಕತ್ತೈತಿ!"

ಆಕೆ ಕೈ ಮುಗಿದು ಹಿಂದಿರುಗುತ್ತಿದ್ದರು.

೩. ತೂಕ. "ಪಕ್ಷ್ಯಾಂಚೆ ವಜನ ಕಳವಾವೆ" ಎಂದು ಮುಖ್ಯ ಕಚೇರಿ ಬರೆಯಿತು. ಹಕ್ಕಿಗಳ ತೂಕ ತಿಳಿಸಬೇಕೆಂದು ಇದರ ಅರ್ಥ. ಈ ನಾಕಾದಲ್ಲಿ ಇರುವುದು ನೂಲಿನ ಪೆಟ್ಟಿಗೆ, ಬೆಲ್ಲದ ಪೆಂಟೆ ತೂಗುವ ದೊಡ್ಡ ಕಾಟಾ ಒಂದೇ. ಮೊದಲು ಬರೀ ಪಂಜರ, ಆಮೇಲೆ ಹಕ್ಕಿ ಸಮೇತ ಪಂಜರ ಇಟ್ಟು ತೂಗಲಾಯಿತು. ಮೊದಲ ತೂಕದ ಹೊತ್ತಿನಲ್ಲಿ ಹಕ್ಕಿಗಳನ್ನು ಬಾಳಗೊಂಡ ತಮ್ಮ ಟೋಪಿಯಲ್ಲಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು. ಎರಡೂ ಸಲ ಮುಳ್ಳು ಒಂದೇ ಕಡೆ ನಿಂತಿತು. ಆದ್ದರಿಂದ ಸರಕಾರದ ಕಾಟಾದ ಪ್ರಕಾರ ಹಕ್ಕಿಗಳು ಅಸ್ತಿತ್ವದಲ್ಲಿಲ್ಲವೆಂದು ದಾಖಲಿಸಲಾಯಿತು. ಅಸ್ತಿತ್ವದಲ್ಲಿಲ್ಲದ ಹಕ್ಕಿಗಳಿಗೆ ಕಾಳು ಏಕೆ ಎಂಬ ಪ್ರಶ್ನೆಯನ್ನೂ ಕಾಡಪ್ಪನವರೇ ಎತ್ತಿದರು, ಉತ್ತರವನ್ನೂ ಅವರೇ ಬರೆದರು, ಉತ್ತರ ಸಮಾಧಾನಕರವಾಗಿಲ್ಲವೆಂದು ತಮಗೇ ನೋಟೀಸನ್ನೂ ಕೊಟ್ಟುಕೊಂಡರು.

೪. ಗೋಪ್ಯ ಕಲಂ. (ಬಾಳಗೊಂಡ ಇದನ್ನು ಓದಬಾರದು.) ಹಕ್ಕಿಗಳ ತೂಕ ತಿಳಿಸಲು ಕಾಡಪ್ಪನವರು ಅವಸರ ಮಾಡಲಿಲ್ಲ. ಹಕ್ಕಿಯ ಬಾಲವನ್ನು ಬೇರೆಯಾಗಿ ತೂಗಬೇಕೆ, ಸ್ನಾನ ಮಾಡಿದ ಹಕ್ಕಿಯ ತೂಕದಲ್ಲಿ ನೀರನ್ನು ಕಳೆಯಬೇಕೆ ಎಂದೆಲ್ಲ ಒಂದರ ಹಿಂದೊಂದು ಹೊಸ ಪ್ರಶ್ನೆ ಕೇಳಿ ತಾವೇ ಖುಲಾಸೆಯನ್ನು ಮುಂದೂಡಿದರು. ಅದರ ನಿಜ ಕಾರಣ ಕಾಯ್ದೆಯಲ್ಲ. ನಾಕಾಕ್ಕೆ ಬರುವವರೆಲ್ಲ ಮುಖ ಗಂಟಿಕ್ಕಿಕೊಂಡು ಬರುತ್ತಾರೆ, ಸುಳ್ಳು ಹೇಳುತ್ತಾರೆ, ಹೋಗುವಾಗ ಹಿಂದೆ ಬೈಯುತ್ತಾರೆ. ಕಾಡಪ್ಪನವರ ಇಷ್ಟು ವರ್ಷದ ನೌಕರಿಯಲ್ಲಿ, ಅವರು ಹತ್ತಿರ ಹೋದಾಗ ದೂರ ಸರಿಯದೆ ಕಡ್ಡಿಯ ಮೇಲೆ ಪಕ್ಕಪಕ್ಕ ಜರುಗುತ್ತ ಇತ್ತಲೇ ಬಂದವರೆಂದರೆ ಇವೆರಡೇ. ಮೊದಲ ದಿನಗಳಲ್ಲಿ ಗಂಡು ಕುತ್ತಿಗೆ ಉದ್ದ ಮಾಡಿ ಸಣ್ಣಗೆ ಚಿಲಿಪಿಲಿ ಹಾಡಿತು. ಕಾರಕೂನರ ಎದೆಯೊಳಗೆ ಏನೋ ಮೆತ್ತಗಾಯಿತು. ಅವರಿಗೆ ಹಕ್ಕಿ ಬೇಕಾಗಿತ್ತು. ಹಾಗೆಂದು ಹೇಳಲು ನಾಚಿಕೆಯಾಗಿ ಅವರು ನಿಯಮ ಹೇಳಿದರು.

೫. ಸದ್ದು. ಕೆಲವು ದಿನಗಳ ಬಳಿಕ ಗಂಡು ಹಾಡುವುದನ್ನು ನಿಲ್ಲಿಸಿ, ಮೈ ಉಬ್ಬಿಸಿ, ರೆಕ್ಕೆಯೊಳಗೆ ತಲೆ ಸೇರಿಸಿ ಕೂತಿತು. ಬಟ್ಟಲು ತುಂಬಿದೆಯಲ್ಲ, ಹಾಗಾದರೆ ಇದಕ್ಕೇನಾಗಿದೆ? "ಅಣ್ಣಾರ, ಇವು ಶೆಡ್ಡಿನ್ಯಾಗ ಇದ್ದ ಹಕ್ಕಿರಿ. ಮಗ್ಗದ ಖಟಾಖಟಾ ಇಲ್ಲಂದ್ರ ಜೀವಕ್ಕ ಬ್ಯಾಸರಾಗಿರಬೇಕ" ಎಂಬ ಬಾಳಗೊಂಡನವರ ವರದಿಯನ್ನು ಅಂಗೀಕರಿಸಿ, ಕಚೇರಿ ವೇಳೆಯಲ್ಲಿ ಫುಟ್‌ಪಟ್ಟಿಯಿಂದ ಕಾಳಿನ ಡಬ್ಬಿಯ ಮೇಲೆ ಎಡೆಬಿಡದೆ ಮಗ್ಗದ ಸದ್ದು ಹೊರಡಿಸಲು ಆದೇಶಿಸಲಾಯಿತು. ಸಿಬ್ಬಂದಿಯ ಕೈ ಸೋತಾಗ ಸಾರ್ವಜನಿಕರ ಸಹಕಾರ ಪಡೆಯಲು ಅವಕಾಶ ಮಾಡಿಕೊಡಲಾಯಿತು. ಹುಪರಿಯ ಬೆಳ್ಳಿ ವ್ಯಾಪಾರಿ ಮಹಾವೀರ ಎಂಬುವರು ಸ್ಕೂಟರ್ ನಿಲ್ಲಿಸಿದ ಕೂಡಲೇ ಅವರ ಕೈಗೆ ಫುಟ್‌ಪಟ್ಟಿ ಕೊಡಲಾಯಿತು.

"ಏನ್ರಿ ಇದು ಕಾಡಪ್ಪಾರ? ಪೆಟಗಿ ತಗದ ತೋರಸಂದ್ರ ತೋರಸ್ತಿದ್ನಿ. ಡಬ್ಬಿ ಬಡಿ ಅಂತೀರಲ್ರಿ, ಇದ್ಯಾವ ನಮೂನಿ ಜಕಾತಿ!" ಎಂದು ಅವರು ಕೂಗಾಡಿದರು. ಆದರೂ ಬಡಿದರು, ಬಹಳ ಚೆಂದವಾಗಿಯೇ ಬಡಿದರು. ಹಿಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತವು, ಎತ್ತುಗಳು ಮುಂದಿನ ಗಾಡಿಯ ಕಬ್ಬು ತಿಂದು ಮುಗಿಸಿದವು. ಸಿಟ್ಟಿನಲ್ಲಿ ಮಹಾವೀರ ಫುಟ್‌ಪಟ್ಟಿಯನ್ನೂ ಜೊತೆಗೇ ಒಯ್ದರು. ಹಕ್ಕಿ ಮಾತ್ರ ತಲೆ ಎತ್ತಲಿಲ್ಲ. ಮರುದಿನ ಬೆಳಗ್ಗೆ ಅದು ಕಡ್ಡಿಯಿಂದ ಇಳಿದು ಪಂಜರದ ತಳದಲ್ಲಿ ಕೂತಿತ್ತು. ಹೆಣ್ಣು ಅದರ ಪಕ್ಕಕ್ಕೆ ಒತ್ತಿಕೊಂಡು ಕೂತಿತ್ತು. ಕಾಡಪ್ಪನವರು ಚಹಾದ ಕಪ್ಪನ್ನು ಅಲ್ಲೇ ಬಿಟ್ಟು ಎದ್ದರು.

೬. ಸೀನು. ಸದರಿ ಬೆಳಗ್ಗೆ, ತಲೆ ಕೆಟ್ಟಂತಾಗಿ ಒಂದು ಚಿಟಿಕೆ ತಪಕೀರು, ಅಂದರೆ ನಶ್ಯ, ಮೂಗಿಗೆ ಏರಿಸಿದ ಕಾಡಪ್ಪನವರು, ಗೌರವಯುತ ಅಂತರವನ್ನು ಮರೆತು ಪಂಜರದ ತೀರ ಹತ್ತಿರ ಬಾಗಿ ನೋಡುತ್ತಿರುವಾಗ, ಯಾವ ಪೂರ್ವಾನುಮತಿಯೂ ಇಲ್ಲದೆ ಸೀನಿದರು. ಬಟ್ಟಲಿನೊಳಗಿದ್ದುದೆಲ್ಲ ಮೇಲೆದ್ದು ಗಾಳಿಯಲ್ಲಿ ಹಾರಿ, ಅವರ ಮೀಸೆ, ಕನ್ನಡಕ, ಟೋಪಿಯ ಮೇಲೆ ಕೂತಿತು. ಅದು ಕಾಳಲ್ಲ, ಬರೀ ಹೊಟ್ಟು. ಮುನಿಯಾ ಕಾಳನ್ನು ಸುಲಿದು ಒಳಗಿನದನ್ನು ತಿಂದು ಸಿಪ್ಪೆಯನ್ನು ಅಲ್ಲೇ ಬಟ್ಟಲಲ್ಲಿ ಬಿಡುತ್ತದೆ. ನೋಡಿದವರಿಗೆ ಬಟ್ಟಲು ತುಂಬಿದ ಹಾಗೆಯೇ ಕಾಣುತ್ತದೆ. ಬುಡದಲ್ಲಿ ಒಂದೇ ಒಂದು ಕಾಳಿರಲಿಲ್ಲ. ಅಲ್ಲಿಯವರೆಗೆ ಮಗ್ಗದ ಸದ್ದು ಮಾಡಲು ಬಡಿಯುತ್ತಿದ್ದ ಡಬ್ಬಿಯಲ್ಲಿ ಕಾಳಿತ್ತು, ಬೀಗದ ಕೈ ಕಾರಕೂನರ ಕೊರಳಲ್ಲಿತ್ತು, ಹಕ್ಕಿಗಳು ಎರಡರ ನಡುವೆ ಉಪವಾಸ ಬಿದ್ದಿದ್ದವು.

"ಅಯ್ಯಯ್ಯೋ ಬಾಳಗೊಂಡಾ, ಕೊಂದ ಬಿಟ್ಟಿದ್ನಲ್ಲೋ ಇವನ್ನ!" ಎಂದು ಕಾಡಪ್ಪನವರು ಕಿರುಚಿದರು. ಅವರು ಕೊರಳಿನಿಂದ ಬೀಗದ ಕೈ ತೆಗೆಯುವಷ್ಟರಲ್ಲಿ ಬಾಳಗೊಂಡ ಕಲ್ಲಿನಿಂದ ಬೀಗ ಒಡೆದರು. ಹೊಸ ಕಾಳು ಬಿದ್ದೊಡನೆ ಹೆಣ್ಣು ಬಂತು. ಗಂಡು ಬರಲಿಲ್ಲ. ಕಾರಕೂನರು ಅಂಗೈ ಮೇಲೆ ನವಣೆ ಹರಡಿ ಅದರ ಕೊಕ್ಕಿನ ಮುಂದೆ ಹಿಡಿದು ಕೂತರು. ನಾಕಾದ ಅಡ್ಡಗಂಬ ಅಷ್ಟೂ ಹೊತ್ತು ಮೇಲೆಯೇ ಇತ್ತು. ಯಾರು ಏನು ಒಯ್ದರೋ ದೇವರಿಗೇ ಗೊತ್ತು. ಕೊನೆಗೆ ಅದು ಒಂದು ಕಾಳು ಹೆಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕಡ್ಡಿ ಹತ್ತಿತು.

೭. ಆದ್ದರಿಂದ ಇನ್ನು ಮುಂದೆ, ಯಾವುದೇ ಹಕ್ಕಿಯ ಬಟ್ಟಲನ್ನು ತುಂಬಿದೆಯೆಂದು ಬರೆಯುವ ಮುನ್ನ ಊದಿ ನೋಡತಕ್ಕದ್ದು.

(ಅ) ಊದುವ ಸಿಬ್ಬಂದಿ ಉಳ್ಳಾಗಡ್ಡಿ ತಿಂದಿರಬಾರದು.
(ಆ) ಊದುವಾಗ ಶಿಳ್ಳೆ ಬರುವಂತಿಲ್ಲ. ಬಂದಲ್ಲಿ ಅದನ್ನು ಹಕ್ಕಿಯ ಲೆಕ್ಕಕ್ಕೆ ಹಾಕತಕ್ಕದ್ದಲ್ಲ.
(ಇ) ಊದಲು ಬಾರದವರು ಸೀನಬಹುದು. ತಪಕೀರನ್ನು ಸ್ವಂತ ಖರ್ಚಿನಲ್ಲಿ ತರಬೇಕು.
(ಈ) ಮೀಸೆಯ ಮೇಲೆ ಕೂತ ಹೊಟ್ಟನ್ನು ಆ ದಿನವಿಡೀ ಒರೆಸಿಕೊಳ್ಳಬಾರದು. ಈ ಉಪಕಲಂ ಕಾಡಪ್ಪನವರಿಗೆ ಮಾತ್ರ ಅನ್ವಯ.

೮. ಬಿಡುಗಡೆ. ಖುಲಾಸೆ ಇನ್ನೂ ಬಂದಿರಲಿಲ್ಲ. ಕಾಯ್ದೆಯ ಪ್ರಕಾರ ಪಂಜರ ಬಿಡುವಂತಿರಲಿಲ್ಲ. ಆದರೆ ಕಾಟಾದ ಪ್ರಕಾರ ಹಕ್ಕಿಗಳೇ ಇಲ್ಲ, ಇಲ್ಲದ ಹಕ್ಕಿಗಳನ್ನು ಜಪ್ತಿ ಮಾಡಲು ಬರುವುದಿಲ್ಲ, ಜಪ್ತಿಯೇ ಆಗದ್ದನ್ನು ಬಿಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ ಎಂದು ಕಾಡಪ್ಪನವರು ತೀರ್ಮಾನಿಸಿದರು. ಇಷ್ಟು ಸಣ್ಣ ಉಪಾಯ ತೂಕ ಮಾಡಿದ ದಿನವೇ ಏಕೆ ಹೊಳೆಯಲಿಲ್ಲವೆಂಬ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ. ವಿವರಣೆ ಬಂದಿಲ್ಲ.

ದುರ್ಗವ್ವ ಎಂದಿನಂತೆ ಓಡಿಬಂದು ಅಡ್ಡಗಂಬದ ಆಚೆ ನಿಂತು "ತಿಂತಾವೇನ್ರಿ?" ಎಂದು ಕೇಳಿದರು.  ಕಾಡಪ್ಪನವರು ತಾವೇ ಹೋಗಿ ಅಡ್ಡಗಂಬ ಎತ್ತಿದರು. ಪಂಜರ ತಂದು ಆಕೆಯ ಕೈಗೆ ಕೊಟ್ಟರು. ಸುಮ್ಮನೆ ಕೊಟ್ಟು ಕಳಿಸಿದ್ದರೆ ಆಕೆಗೆ ಏನೂ ತಿಳಿಯುತ್ತಿರಲಿಲ್ಲ, ಇನ್ನೊಮ್ಮೆ ಕೈ ಮುಗಿದು ಹೋಗುತ್ತಿದ್ದರು.

"ದುರ್ಗವ್ವಾ, ಬಟ್ಟಲದಾಗ ಬರೇ ಹೊಟ್ಟ ಇತ್ತ. ನಾ ನೋಡಲಿಲ್ಲ. ತುಂಬೇತಿ ಅಂತ ನಿನಗ ಹೇಳಕೋತ ಬಂದ್ನಿ. ಇವತ್ತ ನನ್ನ ಕೈಯಾಗ ಇವು ಸಾಯತಿದ್ವು" ಎಂದರು.

ದುರ್ಗವ್ವ ಅಲ್ಲೇ ರಸ್ತೆಯ ಮೇಲೆ ಕೂತು, ಪಂಜರದೊಳಗೆ ಬೆರಳು ಹಾಕಿ ಗಂಡು ಹಕ್ಕಿಯ ಎದೆಯೆಲುಬು ಮುಟ್ಟಿ ನೋಡಿದರು.

"ನಾ ದಿನಾ ನಿಮಗ ಕೈ ಮುಗದ ಹೋಗ್ತಿದ್ನಲ್ರಿ" ಎಂದರು.

ಈ ಮಾತನ್ನು ಕಾಡಪ್ಪನವರ ಹೇಳಿಕೆಯ ಕೆಳಗೆ ಹಾಗೆಯೇ ದಾಖಲಿಸಲಾಗಿದೆ.

೯. ಭೇಟಿ. ಪಂಜರ ಎತ್ತಿಕೊಂಡು ಆಕೆ ಹೊರಟಾಗ ಕಾಡಪ್ಪನವರು ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ, "ಒಮ್ಮೊಮ್ಮೆ ಬಂದ ನೋಡಿ ಹೋಗಲೇನ್ರಿ?" ಎಂದು ಕೇಳಿದರು. ಈ ನಾಕಾದ ಕಾರಕೂನರು ಅಡ್ಡಗಂಬದ ಆಚೆಯವರಿಗೆ ರೀ ಎಂದದ್ದು ಇದೇ ಮೊದಲು. ಆಕೆ ತಿರುಗಿ ನೋಡಲಿಲ್ಲ. ನಡೆಯುತ್ತಲೇ ಹೇಳಿದರು:

"ಬರ್ರಿ. ಬರೂಮುಂದ ಮುಷ್ಟ್ಯಾಗ ಕಾಳ ತರ್ರಿ. ಕಾಗದ ತರಬ್ಯಾಡ್ರಿ."

ಮೇಲ್ಕಂಡ ನಿಯಮಗಳು ಕೂಡಲೇ ಜಾರಿಗೆ ಬರುತ್ತವೆ. ಹಕ್ಕಿಗಳು ಇಲ್ಲದಿರುವುದು ನಿಯಮಪಾಲನೆಗೆ ಅಡ್ಡಿಯಾಗತಕ್ಕದ್ದಲ್ಲ.

(ಸಹಿ)
ಕಾಡಪ್ಪ
ಮುಖ್ಯ ಕಾರಕೂನ, ಆಪಾದಿತ ಹಾಗೂ ವಿಚಾರಣಾಧಿಕಾರಿ

ಪ್ರತಿಗಳು:
೧. ಮುಖ್ಯ ಕಚೇರಿಗೆ: ಓದಲು ಬಾರದಿದ್ದಲ್ಲಿ ಕಡತದಲ್ಲಿಡಲು. ಓದಲು ಬಂದಲ್ಲಿಯೂ ಕಡತದಲ್ಲಿಡಲು.
೨. ಶಿಪಾಯಿ ಬಾಳಗೊಂಡ: ಕಲಂ ೪ನ್ನು ಬಿಟ್ಟು ಓದಿ ಸಹಿ ಮಾಡಲು. (ಓದಿದ್ದಾರೆ.)
೩. ಹುಪರಿಯ ಮಹಾವೀರ: ಫುಟ್‌ಪಟ್ಟಿ ವಾಪಸು ಮಾಡಲು.
೪. ಪಂಜರ ತೂಗುಹಾಕಿದ್ದ ಮೊಳೆಗೆ: ಸದ್ಯ ಅದಕ್ಕೆ ಬೇರೆ ಕೆಲಸವಿಲ್ಲದ ಕಾರಣ.
೫. ದುರ್ಗವ್ವ: ಕಾಗದ ಬೇಡವೆಂದು ಅಪ್ಪಣೆಯಾಗಿರುವುದರಿಂದ ಪ್ರತಿ ಕಳಿಸಿಲ್ಲ. ಕಾರಕೂನರೇ ಹೋಗಿದ್ದಾರೆ. ಕೈ ಮುಗಿಯಲು ಮುಷ್ಟಿ ಬಿಚ್ಚಿದರೆ ನವಣೆ ಚೆಲ್ಲುತ್ತದೆಂದು ಹಾಗೆಯೇ ಆಕೆಯ ಬಾಗಿಲಲ್ಲಿ ನಿಂತಿದ್ದಾರೆ.