ಚಿಗವ್ವನ ಗೈರುಹಾಜರಿ

ನಮ್ಮ ಚಿಗವ್ವ ಚರ್ಚಿಗೆ ಹೋಗಿ ತೋರಿಸಿದ ಭಕ್ತಿಗಿಂತ, ಹೋಗದೆ ಮನೆಯಲ್ಲಿ ಕೂತು ತೋರಿಸಿದ ಭಕ್ತಿಯೇ ದೊಡ್ಡದು ಎಂದರೆ ನೀವು ನಗಬಹುದು. ನಕ್ಕುಬಿಡಿ! ಒಂದು ಕಾಲಕ್ಕೆ ನಾನೂ ನಕ್ಕವಳೇ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಹಾನಗಲ್ಲಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು, ಮದುವೆಯ ಗೊಡವೆಗೇ ಹೋಗದವಳು. ಐವತ್ತರ ಹೊಸ್ತಿಲಲ್ಲಿ ನನ್ನ ಜೊತೆ ಇಂಗ್ಲೆಂಡಿಗೆ ಹೊರಟು ನಿಂತಳು. ಅಲ್ಲಿನ ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿ ಇಬ್ಬರಿಗೂ ಕೆಲಸ, ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ವಾಸ. ಚಿಗವ್ವನ ಇಂಗ್ಲಿಷು ಪೂರಾ ಆಸ್ಪತ್ರೆಯದು: ‘ಓಪನ್ ಮೌತ್’, ‘ಡೀಪ್ ಬ್ರೀದ್’, ‘ಟರ್ನ್ ದಿಸ್ ಸೈಡ್’. ಬಸ್ಸಿನ ಡ್ರೈವರನಿಗೂ ತರಕಾರಿಯವನಿಗೂ ಅದೇ ದನಿ. ಅವರೂ ಪಾಪ, ಹೇಳಿದಂತೆ ಕೇಳುತ್ತಿದ್ದರು!

ಹಾನಗಲ್ಲಿನ ನಮ್ಮ ಚರ್ಚಿನ ಸಭೆ ಸಣ್ಣದು. ಹಿರೇಕೆರೂರಿನ ಕಡೆಯಿಂದ, ಸವಣೂರಿನಿಂದ ಬಸ್ಸು ಹಿಡಿದು ಬರುವವರೂ ಸೇರಿದರೆ ಚಾಪೆಗಳು ತುಂಬುತ್ತವೆ. ಅಲ್ಲಿನ ಕಾನೂನು ಒಂದೇ. ರವಿವಾರ ನೀವು ಕಾಣಲಿಲ್ಲವೋ, ಸಂಜೆಯೊಳಗೆ ಯಾರಾದರೂ ನಿಮ್ಮ ಬಾಗಿಲಲ್ಲಿ. ಜ್ವರವಿದ್ದರೆ ಗಂಜಿ, ಜಗಳವಿದ್ದರೆ ಪಂಚಾಯಿತಿ, ಸುಮ್ಮನೆ ಮಲಗಿದ್ದರೆ ಬೈಗುಳ. ಒಮ್ಮೆ ಮಾಸೂರಿನವನೊಬ್ಬ ಬರಲಿಲ್ಲವೆಂದು ಚಿಗವ್ವ ದಂಡು ಕಟ್ಟಿಕೊಂಡು ಹೊರಟಳು. ಹೊಲಕ್ಕೆ ನೀರು ಹಾಯಿಸುತ್ತಿದ್ದವನು ಇವಳನ್ನು ಕಂಡದ್ದೇ ಕಬ್ಬಿನೊಳಗೆ ಅಡಗಿದ. ಚಿಗವ್ವ ಬದುವಿನ ಮೇಲೆ ನಿಂತೇ ಪ್ರಾರ್ಥನೆ ಸುರು ಮಾಡಿದಳು. ಅದು ಮುಗಿದಾಗ ಕಬ್ಬಿನೊಳಗಿನಿಂದ ‘ಆಮೆನ್’ ಬಂತು!

ಇಂಥವಳು ಪರದೇಶದಲ್ಲಿ ಚರ್ಚು ಹುಡುಕಿದರೆ ಏನಾದೀತು? ಮೊದಲು ಹೋದದ್ದು ದೊಡ್ಡ ಕಲ್ಲಿನ ಚರ್ಚಿಗೆ. ಊರಿನ ರೂಢಿಯಂತೆ ಬೂಟು ಬಾಗಿಲಲ್ಲೇ ಬಿಟ್ಟು, ತಲೆ ಮೇಲೆ ಸೆರಗು ಹೊದ್ದು ಒಳಗೆ ಹೋದಳು. ಹೊರಗೆ ಬಂದರೆ ಬೂಟು ಮಾಯ! ಯಾರೋ ಮರೆತು ಹೋಗಿದ್ದಾರೆಂದು ಅಲ್ಲಿಯ ಪುಣ್ಯಾತ್ಮನೊಬ್ಬ ಎತ್ತಿ ಒಳಗಿಟ್ಟಿದ್ದ.

“ಬೂಟು ಹ್ವಾದ್ರ ಹೋಗ್ಲಿ,” ಎಂದಳು ಮನೆಗೆ ಬಂದು. “‘ಯಾರವಾ ನೀ, ಯಾವೂರು’ ಅಂತ ಒಬ್ಬರರ ಕೇಳಿದ್ರೇನು?”

ಅಲ್ಲಿಗೇ ಮೂರ್ನಾಲ್ಕು ವಾರ ಹೋದ ಮೇಲೆ ಒಂದು ಪರೀಕ್ಷೆ ಹೂಡಿದಳು. “ಈ ಐತವಾರ ತಪ್ಪಿಸ್ತೇನಿ. ಕೇಳಾಕ ಯಾರ ಬರ್ತಾರ ನೋಡೂಣು.”

ಕೋಣೆ ಗುಡಿಸಿ, ಅತಿಥಿಗಳಿಗೆಂದು ಉಪ್ಪಿಟ್ಟು ಕೆದಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಕೂತಳು. ಸಂಜೆಗೆ ಬಾಗಿಲ ಗಂಟೆ ಸದ್ದಾಯಿತು. ಚಿಗವ್ವ ಓಡಿದಳು. ಕೆಳಗಿನ ಅಂಗಡಿಗೆ ಪೆಟ್ಟಿಗೆ ತಂದಿದ್ದ ಹುಡುಗ! ಅವನಿಗೇ ಉಪ್ಪಿಟ್ಟು, ಅವನಿಗೇ ಚಹಾ. ‘ಸಿಟ್’ ಎಂದ ಮೇಲೆ ಅವನು ಕೂರದೆ ಇರಲುಂಟೆ?

ಎರಡನೆಯ ಚರ್ಚಿನಲ್ಲಿ ಗಿಟಾರು, ದೊಡ್ಡ ಪರದೆ, ಸಿಕ್ಕಸಿಕ್ಕವರನ್ನು ಅಪ್ಪಿಕೊಳ್ಳುವ ಜನ. ಚಿಗವ್ವನಿಗೆ ಹಿಡಿಸಿತು. ಒಂದು ತಿಂಗಳಾದ ಮೇಲೆ ಇಲ್ಲೂ ಪರೀಕ್ಷೆ. ಮಧ್ಯಾಹ್ನವೇ ಮೊಬೈಲಿಗೆ ಸಂದೇಶ: ಇಂದು ನೀವಿಲ್ಲದೆ ನಮಗೆ ಬೇಸರವಾಯಿತು!

“ನೋಡಿದ್ಯಾ? ಬ್ಯಾಸರಾಗೇತಂತ ಅವರಿಗೆ!” ಎಂದು ಹಿಗ್ಗಿದಳು. ಅದೇ ಸಂದೇಶ ನನ್ನ ಮೊಬೈಲಿಗೂ ಬಂದಿತ್ತು. ನಾನೋ, ಅವತ್ತು ಎರಡನೆಯ ಸಾಲಿನಲ್ಲಿ ನಿಂತು ಹಾಡಿ ಬಂದಿದ್ದೆ! ಎಲ್ಲರಿಗೂ ಕಂಪ್ಯೂಟರೇ ಕಳಿಸುತ್ತದೆಂದು ಅವಳಿಗೆ ಗೊತ್ತಾದಾಗ, “ಮಷೀನಿಗೆ ಬ್ಯಾಸರಾಗ್ತದೇನು?” ಎಂದಳು, ಅಷ್ಟೇ. ಆಮೇಲೆ ಆ ಕಡೆ ಸುಳಿಯಲಿಲ್ಲ.

ಮೂರನೆಯದು ನಮ್ಮ ಬೀದಿಯ ತುದಿಯ ಪುಟ್ಟ ಚರ್ಚು. ಬರುವವರು ಹತ್ತು ಹನ್ನೆರಡು ಮಂದಿ ಮುದುಕರು. ಆರಾಧನೆ ಮುಗಿದ ಮೇಲೆ ಬಿಸ್ಕತ್ತು, ಚಹಾ, ಹವಾಮಾನದ ಮಾತು. ಇಲ್ಲೂ ತಪ್ಪಿಸಿದಳು, ಯಾರೂ ಬರಲಿಲ್ಲ. ಈ ಸಲ ಉಪ್ಪಿಟ್ಟನ್ನೂ ಮಾಡಿರಲಿಲ್ಲ.

“ಮುಂದಿನ ವಾರ ಹೋಗಿ ಹೇಳಿ ಬರ್ತೇನಿ. ಇನ್ನ ಸಾಕು, ಮನ್ಯಾಗ ಪ್ರಾರ್ಥನಾ ಮಾಡ್ಕೋತೇನಿ,” ಎಂದಳು.

ಹಾಗೆ ಹೇಳಿ ಬರಲು ನನ್ನನ್ನೂ ಕರೆದುಕೊಂಡು ಹೋದ ದಿನ ಕಿಟಕಿ ಬದಿಯ ಬೆಂಚು ಖಾಲಿಯಿತ್ತು. ಅಲ್ಲಿ ಎತ್ತರದ ಅಜ್ಜಿಯೊಬ್ಬರು ಒಬ್ಬರೇ ಕೂರುತ್ತಿದ್ದರು. ಕಂಡರೆ ತಲೆಯಾಡಿಸುವರೇ ಹೊರತು ಒಂದು ಮಾತಿಲ್ಲ. ಚಿಗವ್ವ ಪಾಸ್ಟರನ್ನು ಕೇಳಿದಳು. ಅವರು, “ಹುಷಾರಿಲ್ಲವೇನೋ. ಅವರು ಒಂಟಿಯಾಗಿರಲು ಇಷ್ಟಪಡುತ್ತಾರೆ, ತೊಂದರೆ ಕೊಡುವುದು ಸರಿಯಲ್ಲ,” ಎಂದರು.

“ಏನಂದ್ರು?” ಎಂದು ಚಿಗವ್ವ ನನ್ನನ್ನು ಕೇಳಿದಳು. ಹೇಳಿದೆ.

“ಒಂಟಿ ಇರೂದನ್ನ ಯಾರರ ಇಷ್ಟಪಡ್ತಾರೇನ? ನಡೀ.”

ವಿಳಾಸ ಕೇಳಿಕೊಂಡು ಹೋದೆವು. ಕರೆಯದೆ ಒಬ್ಬರ ಮನೆಗೆ ಹೋಗುವ ದೇಶವೇ ಅದು? ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಅಜ್ಜಿಯ ಮುಖ ಬಿಳುಚಿತ್ತು.

“ಏನಾದರೂ ಅನಾಹುತವಾಗಿದೆಯೇ?” ಎಂದು ಗಾಬರಿಯಿಂದ ಕೇಳಿದರು.

“ಯು ನಾಟ್ ಕಮ್,” ಎಂದಳು ಚಿಗವ್ವ. “ವೈ?”

ಅಜ್ಜಿ ನಮ್ಮಿಬ್ಬರನ್ನೂ ನೋಡುತ್ತ ನಿಂತರು. ಆಮೇಲೆ ಸರಪಳಿ ಕಳಚಿದರು. “ನನ್ನ ಅಕ್ಕ ತೀರಿಕೊಂಡಳು, ಗುರುವಾರ. ದೂರದ ಊರಲ್ಲಿದ್ದಳು. ಯಾರಿಗೂ ಹೇಳಿಲ್ಲ. ಯಾರಿಗೆ ಹೇಳುವುದು ಎಂದು ತಿಳಿಯಲಿಲ್ಲ,” ಎಂದರು.

ಚಿಗವ್ವ ಒಳಗೆ ಹೋಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಎದುರಿಗೆ ಕೂತು, ಅವರ ಕೈ ಹಿಡಿದುಕೊಂಡಳು. ಕನ್ನಡದಲ್ಲೇ ಪ್ರಾರ್ಥನೆ ಮಾಡಿದಳು. “ಇವರ ಅಕ್ಕನ್ನ ನಿನ್ನ ಕೈಯಾಗ ಜ್ವಾಕಿ ಇಟ್ಕೋ ದೇವರ. ಹಂಗ ನಮ್ಮವ್ವನ್ನೂ...”

ಅಲ್ಲಿ ದನಿ ನಿಂತುಹೋಯಿತು.

ಅವಳ ಅವ್ವ, ಎಂದರೆ ನನ್ನ ಆಯಿ, ನಾವು ಇಂಗ್ಲೆಂಡಿಗೆ ಬಂದ ಹೊಸತರಲ್ಲೇ ಹಾನಗಲ್ಲಿನಲ್ಲಿ ತೀರಿಕೊಂಡಿದ್ದಳು. ನಮಗೆ ಹೋಗಲಾಗಲಿಲ್ಲ. ಮಣ್ಣು ಮಾಡುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದಾಗ ನಡುವೆಯೇ ಸಂಪರ್ಕ ಕಡಿಯಿತು. ಚಿಗವ್ವ ಮೊಬೈಲನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದಳು. ಅಳಲಿಲ್ಲ. ಊರಲ್ಲಾಗಿದ್ದರೆ ಶಿಗ್ಗಾವಿಯಿಂದ, ಹಂಸಭಾವಿಯಿಂದ ಜನ ಬಂದು ಅಂಗಳ ತುಂಬುತ್ತಿತ್ತು. ಇಲ್ಲಿ ನಮ್ಮ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಬರಲು ಯಾರಿಗೆ ಗೊತ್ತಿತ್ತು? ಅವಳು ಚರ್ಚು ಹುಡುಕಲು ಹೊರಟದ್ದು ಅದರ ಮರುವಾರ.

ಈಗ ಅವಳು ಅಜ್ಜಿಯ ಕೈ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ನನ್ನತ್ತ ನೋಡಿದರು. “ಆಕೆಯ ತಾಯಿ,” ಎಂದೆ. ಅವರು ಇನ್ನೊಂದು ಕೈಯನ್ನು ಚಿಗವ್ವನ ತಲೆಯ ಮೇಲಿಟ್ಟರು. ತುಸು ಹೊತ್ತಿನ ಮೇಲೆ, “ನಿಮ್ಮ ತಾಯಿ ಹೇಗಿದ್ದರು, ಹೇಳಿ,” ಎಂದರು.

“ಮೈ ಮದರ್...” ಎಂದು ಸುರು ಮಾಡಿದಳು ಚಿಗವ್ವ. ಆಸ್ಪತ್ರೆಯ ಇಂಗ್ಲಿಷಿನಲ್ಲಿ ಮುಂದಿನ ಮಾತಿರಲಿಲ್ಲ. ಕಣ್ಣೊರೆಸಿಕೊಂಡು, “ನಮ್ಮವ್ವಗ ಸಿಟ್ಟು ಭಾಳ ರೀ. ಆದ್ರ ಉಣ್ಣಾಕ ಕುಂತ್ವಿ ಅಂದ್ರ, ಮೊದಲ ರೊಟ್ಟಿ ನನಗ ಹಾಕಾಕಿ...” ಎಂದು ಹೇಳತೊಡಗಿದಳು.

ಅನುವಾದಿಸಲು ನಾನು ಬಾಯಿ ತೆರೆದೆ. ಅಜ್ಜಿ ಚಿಗವ್ವನ ಮುಖದಿಂದ ಕಣ್ಣು ತೆಗೆಯದೆ, ಸುಮ್ಮನಿರೆಂದು ನನಗೆ ಕೈ ಮಾಡಿದರು.